ಒಂಬತ್ತನೇ ಮೆಟ್ಟಿಲು

ಕಾಲರಕ್ಕನ ಮನೆಗೆ ಹದಿನಾಲ್ಕು ಮರದ ಮೆಟ್ಟಿಲು ಹತ್ತಬೇಕು. ಅದರಲ್ಲಿ ಒಂಬತ್ತನೆಯದು ಸಡಿಲ. ಬೆಕ್ಕು ಕಾಲಿಟ್ಟರೂ ಕಿರ್ರೆಂದು ಇಡೀ ಕಟ್ಟಡಕ್ಕೆ ಸುದ್ದಿ ಮುಟ್ಟಿಸುತ್ತದೆ. ಕೆಳಗಿನ ಮನೆಯಲ್ಲಿ ಎಳೆಗೂಸು ಮಲಗಿರುತ್ತದೆಂದು ಅವಳು ಅದನ್ನು ಬಿಟ್ಟು ಎಂಟರಿಂದ ನೇರ ಹತ್ತಕ್ಕೆ ಕಾಲು ಹಾಕುತ್ತಿದ್ದಳು. ಹೊಲಿಗೆ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ಅಂಗಿಗಳಿಗೆ ಕಾಲರ್ ಕೂರಿಸಿ ಕೂರಿಸಿ ಅಂಟಿಕೊಂಡ ಹೆಸರು ಈ ಕಾಲರಕ್ಕ. ಅಸಲು ಹೆಸರು ಹಾಜರಿ ಪುಸ್ತಕಕ್ಕೆ ಬಿಟ್ಟರೆ ಇನ್ಯಾರಿಗೂ ನೆನಪಿರಲಿಲ್ಲ.

ಮನೆಯಲ್ಲಿ ಇನ್ನೊಂದು ಜೀವವೆಂದರೆ ಅಮ್ಮ. ಕಣ್ಣು ಹೋಗಿ ಆರು ವರ್ಷ. ಬೇರೆ ತಾಯಂದಿರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಾರೆ, ಈಕೆ ಕಿವಿಗೆ ಬಿಟ್ಟುಕೊಂಡಿದ್ದಳು. ಹಾಲಿನವನು ಯಾರು, ಅಂಚೆಯವನು ಯಾರು, ಮೆಟ್ಟಿಲ ಸದ್ದಿನಲ್ಲೇ ಹೇಳುವಳು. ಮಗಳ ಬಲಗಾಲು ಯಂತ್ರ ತುಳಿದೂ ತುಳಿದೂ ಸ್ವಲ್ಪ ಎಳೆಯುತ್ತಿತ್ತು. ಆ ಎಳೆತ, ಎಂಟಾದ ಮೇಲಿನ ಆ ಒಂದು ಜಿಗಿತ ಕೇಳಿದರೆ ಸಾಕು, ಅಮ್ಮ ಅಗುಳಿ ತೆಗೆಯುತ್ತಿದ್ದಳು.

ಬಡಗಿಯಾಗಿದ್ದ ಅಪ್ಪ ಇದ್ದಾಗ ಆ ಮನೆಯಲ್ಲಿ ಒಂದು ಕಟ್ಟುನಿಟ್ಟಿತ್ತು. ರಾತ್ರಿಯೂಟಕ್ಕೆ ಮೊದಲು ಪ್ರಾರ್ಥನೆ, ಪ್ರಾರ್ಥನೆಯಾದ ಮೇಲೆ ಮೊದಲ ತುತ್ತಿಗೆ ಮುಂಚೆ ಪ್ರತಿಯೊಬ್ಬರೂ ಆ ದಿನ ಆಡಿದ ಸೊಟ್ಟ ಮಾತನ್ನು ಬಾಯಿಬಿಟ್ಟು ಹೇಳಬೇಕು. ಗಿರಾಕಿಗೆ ಹೇಳಿದ ಸುಳ್ಳಿರಲಿ, ಯೇಸಪ್ಪನ ಹೆಸರೆತ್ತಲು ನಾಚಿ ನುಂಗಿಕೊಂಡ ಮಾತಿರಲಿ. ನಂಬಿಕೆ ದ್ರೋಹ ಬಾಗಿಲು ಮುರಿದುಕೊಂಡು ಬರುವುದಿಲ್ಲ, ಹೇಳದೆ ಉಳಿಸಿಕೊಂಡ ಸಣ್ಣ ಮಾತಿನ ಬೆನ್ನು ಹಿಡಿದು ಬರುತ್ತದೆ, ಬಂದು ಊಟ ಕೇಳುತ್ತದೆ ಎನ್ನುತ್ತಿದ್ದ. ಅಪ್ಪ ಸತ್ತು ಎರಡು ವರ್ಷವಾಯಿತು. ಅಮ್ಮ ಈಗಲೂ ದಿನಾ ಕೇಳುತ್ತಿದ್ದಳು, "ಇವತ್ತಿಂದು ಏನಮ್ಮಾ?" ಮಗಳು ದಿನಾ ಒಂದೇ ಉತ್ತರ ಕೊಡುತ್ತಿದ್ದಳು, "ಏನಿಲ್ಲಮ್ಮ." ದುಡಿದು ಸುಸ್ತಾಗಿ ಬಂದವಳಿಗೆ ತಪ್ಪೊಪ್ಪಿಗೆಯ ಉಸಾಬರಿ ಯಾಕೆ ಹೇಳಿ!

ಆ ವರ್ಷ ಕಾರ್ಖಾನೆಗೆ ಹೊಸ ಮಾಲೀಕ ಬಂದ. ಅವನಿಗೆ ಪ್ರಾರ್ಥನೆಯವರನ್ನು ಕಂಡರಾಗದು. ಅಂಥವರು ಗುಂಪು ಕಟ್ಟುತ್ತಾರಂತೆ. ಗುಂಡಿ ಹೊಲಿಯುವ ಅಜ್ಜಿ ಮಾತ್ರ ಇದನ್ನೆಲ್ಲ ಕಿವಿಗೇ ಹಾಕಿಕೊಳ್ಳದೆ ಮಧ್ಯಾಹ್ನ ಡಬ್ಬಿ ತೆರೆಯುವ ಮುಂಚೆ ಕಣ್ಣು ಮುಚ್ಚಿ, ಪಕ್ಕದವರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಪ್ರಾರ್ಥಿಸುತ್ತಿದ್ದಳು. ಕಾಲರಕ್ಕನೂ ಅಜ್ಜಿಯ ಚರ್ಚಿನವಳೇ. ದೀಕ್ಷಾಸ್ನಾನದ ದಿನ ಕೂಸಾಗಿದ್ದ ಅವಳನ್ನು ತೋಳಲ್ಲಿ ಎತ್ತಿಕೊಂಡು ನಿಂತವಳೇ ಈ ಗುಂಡಿ ಅಜ್ಜಿ. ಹದಿನೆಂಟು ವರ್ಷ ಇಬ್ಬರೂ ಒಂದೇ ಬೆಂಚಿನಲ್ಲಿ ಉಂಡವರು.

ಸೋಮವಾರ ಇಸ್ತ್ರಿ ಮಾಡುವವಳು ಮೂಗು ತೂರಿಸಿದಳು, ನೀನೂ ಅಜ್ಜಿಯ ಚರ್ಚಿಗೇ ಹೋಗುವವಳಲ್ಲವೇ ಎಂದು. ಕಾಲರಕ್ಕ ನಕ್ಕುಬಿಟ್ಟಳು. ಅಮ್ಮನಿಗೆ ಕಣ್ಣಿಲ್ಲ, ಕೈ ಹಿಡಿದು ಬಿಟ್ಟು ಬರಲು ಹೋಗುತ್ತೇನೆ ಅಷ್ಟೇ ಎಂದಳು. ಅದರಲ್ಲಿ ಅರ್ಧ ನಿಜ ಇತ್ತಲ್ಲ! ಆ ಅರ್ಧದ ಮೇಲೆ ಆರಾಮಾಗಿ ಕೂತು, ಅವತ್ತು ಬೇರೆ ಬೆಂಚಿನಲ್ಲಿ ಊಟ ಮಾಡಿದಳು.

ಸಂಜೆ ಬಾಗಿಲು ತೆರೆದ ಅಮ್ಮ ಪಕ್ಕಕ್ಕೆ ಸರಿಯಲಿಲ್ಲ. ಮಗಳ ಭುಜದಾಚೆಗೆ ಕಿವಿಯಿಟ್ಟು ನಿಂತಳು.

"ಜೊತೆಗೆ ಯಾರನ್ನ ಕರ್ಕೊಂಡು ಬಂದೆ?"

ಯಾರೂ ಇಲ್ಲ ಎಂದಳು ಮಗಳು. ಅಮ್ಮ ಒಪ್ಪಲಿಲ್ಲ. ನೀನು ಒಂಬತ್ತನೆಯದನ್ನು ದಾಟಿದೆ, ನಿನ್ನ ಹಿಂದೆ ಬಂದವರು ತುಳಿದರು, ಕಿರ್ರೆಂದಿತು ಎಂದಳು. ಕಾಲರಕ್ಕ ತಿರುಗಿ ನೋಡಿದಳು. ಮೆಟ್ಟಿಲು ಖಾಲಿ. ವಯಸ್ಸಾಯಿತು ಪಾಪ ಎಂದುಕೊಂಡಳು. ಊಟಕ್ಕೆ ಕೂತಾಗ ಅಮ್ಮ ಕೇಳಿದಳು, ಮಗಳು ಏನಿಲ್ಲಮ್ಮ ಎಂದಳು.

ಮಂಗಳವಾರ ಗೇಟಿನ ಕಾವಲುಗಾರ ಅವಳ ಕುತ್ತಿಗೆ ನೋಡಿ, ಆ ಶಿಲುಬೆ ಏನದು ಎಂದ. ಯಾರೋ ಕೊಟ್ಟ ಸರ ಎಂದು ಬಿಚ್ಚಿ ಚೀಲಕ್ಕೆ ಹಾಕಿಕೊಂಡಳು. ಯಾರೋ ಏನು, ಅಪ್ಪ ತನ್ನ ಕೈಯಾರೆ ಕೆತ್ತಿದ ಮರದ ಶಿಲುಬೆ ಅದು. ಸಂಜೆ ಮೆಟ್ಟಿಲು ಹತ್ತುವಾಗ ಅವಳೇ ಕಿವಿಗೊಟ್ಟಳು. ಎಂಟು, ಹತ್ತು, ಹನ್ನೊಂದು. ಹಿಂದೆ ಒಂಬತ್ತನೆಯದು ಕಿರ್ರೆಂದಿತು. ತಿರುಗಲು ಧೈರ್ಯ ಸಾಲಲಿಲ್ಲ. ಒಳಗೆ ಹೋದರೆ ಮೇಜಿನ ಮೇಲೆ ಮೂರು ತಟ್ಟೆ. ಮೂರನೆಯದು ಯಾರಿಗೆ ಎಂದರೆ ಅಮ್ಮ, "ಅವರೂ ಕಾಲು ಎಳೀತಾರೆ ಮಗಾ, ನಿನ್ನ ಹಾಗೇ. ನಮ್ಮವರೇ ಇರಬೇಕು" ಎಂದಳು.

ಅವತ್ತಾದರೂ ಹೇಳಿಬಿಡಬಹುದಿತ್ತು. ಮಾತು ನಾಲಗೆಯ ತುದಿಗೂ ಬಂತು. ಆದರೆ ಅಪ್ಪನ ಶಿಲುಬೆಯ ವಿಷಯ ಅಮ್ಮನಿಗೆ ಹೇಗೆ ಹೇಳುವುದು? ಏನಿಲ್ಲಮ್ಮ ಎಂದಳು.

ಬುಧವಾರ ಮಾಲೀಕ ಅವಳನ್ನು ಕೋಣೆಗೆ ಕರೆಸಿದ. ಅಲ್ಲಿ ಗುಂಡಿ ಅಜ್ಜಿ ಆಗಲೇ ನಿಂತಿದ್ದಳು, ಸೂಜಿ ಚುಚ್ಚದಂತೆ ಬೆರಳಿಗೆ ಹಾಕುವ ಲೋಹದ ಟೋಪಿ ಹಾಗೇ ಇತ್ತು. ಮಾಲೀಕ ಬೆಣ್ಣೆ ಸವರಿದಂತೆ ಮಾತಾಡಿದ. ಈ ಮುದುಕಿಯನ್ನು ಇವತ್ತೇ ಕಳಿಸುತ್ತಿದ್ದೇನೆ, ಇವಳ ಗುಂಪಿನವರು ಇನ್ಯಾರಾದರೂ ಇದ್ದರೆ ಅವರನ್ನೂ ಕಳಿಸುತ್ತೇನೆ, ನಿನಗೂ ಇವಳಿಗೂ ಏನಾದರೂ ಸಂಬಂಧ ಉಂಟೇ ಎಂದು ಕೇಳಿದ.

"ಇಲ್ಲ ಸಾರ್," ಎಂದಳು ಕಾಲರಕ್ಕ. "ಇವರು ಯಾರೋ ನನಗೆ ಗೊತ್ತಿಲ್ಲ."

ಅಜ್ಜಿ ಬೆರಳಿನ ಟೋಪಿ ತೆಗೆದು ಮೇಜಿನ ಮೇಲಿಟ್ಟು ಹೊರಟುಹೋದಳು. ಕಾಲರಕ್ಕ ವಾಪಸು ಯಂತ್ರಕ್ಕೆ ಕೂತಳು. ಆ ಮಧ್ಯಾಹ್ನ ಅವಳು ಕೂರಿಸಿದ ಒಂದು ಕಾಲರೂ ಸೊಟ್ಟಗಾಗಲಿಲ್ಲ, ಅದೇ ಅವಳಿಗೆ ಹೆಚ್ಚು ಹೆದರಿಕೆ ತಂದಿತು.

ಸಂಜೆ ಅವಳ ಹಿಂದೆ ಯಾರ ಸದ್ದೂ ಇರಲಿಲ್ಲ. ಸದ್ಯ ಬದುಕಿದೆ ಎಂದು ಹದಿನಾಲ್ಕನೆಯ ಮೆಟ್ಟಿಲು ಮುಟ್ಟಿದಾಗ ಒಳಗಿನಿಂದ ಪ್ರಾರ್ಥನೆ ಕೇಳಿಸಿತು. ಊಟದ ಮುಂಚಿನ ಪ್ರಾರ್ಥನೆ, ಒಂದಕ್ಷರ ತಪ್ಪಿಲ್ಲ. ಧ್ವನಿ ಕಾಲರಕ್ಕನದೇ.

ಅವಳು ಬಾಗಿಲು ಬಡಿದಳು. ಯಾರದು ಎಂದಳು ಅಮ್ಮ. ನಾನು ಕಣಮ್ಮ ಎಂದಳು ಇವಳು.

"ನನ್ನ ಮಗಳು ಆಗಲೇ ಬಂದಳಲ್ಲ. ಊಟಕ್ಕೆ ಕೂತಿದ್ದಾಳೆ. ನೀವು ಯಾರು? ಮೆಟ್ಟಿಲು ಹತ್ತಿದ್ದೇ ಕೇಳಿಸಲಿಲ್ಲವಲ್ಲ."

ಕಾಲರಕ್ಕ ದಡದಡ ಇಳಿದಳು. ಇಳಿದ ಸದ್ದು ತನಗೂ ಕೇಳಿಸಲಿಲ್ಲ. ಒಂಬತ್ತನೆಯ ಮೆಟ್ಟಿಲ ಮೇಲೆ ನಿಂತು ಎರಡೂ ಕಾಲಿಂದ ಕುಪ್ಪಳಿಸಿದಳು. ಬೆಕ್ಕಿಗೂ ಕಿರ್ರೆನ್ನುವ ಹಲಗೆ ತುಟಿ ಪಿಟಕ್ಕೆನ್ನಲಿಲ್ಲ. ಮತ್ತೆ ತುಳಿದಳು. ಇಲ್ಲ. ಅವಳೇ ಇಲ್ಲವೇನೋ ಎಂಬಂತೆ ಮೆಟ್ಟಿಲು ಸುಮ್ಮನಿತ್ತು. ಇನ್ನು ಮುಂದೆ ಅಮ್ಮನಿಗೆ ಮಗಳು ಒಳಗಿರುವವಳೇ, ತಾನು ಎಂದೆಂದಿಗೂ ಹೊರಗಿನವಳು ಎಂದು ಹೊಳೆಯಿತು.

ಮೇಲೆ, ಮುಚ್ಚಿದ ಬಾಗಿಲ ಹಿಂದೆ, ಅಮ್ಮ ಎಂದಿನಂತೆ ಕೇಳಿದಳು. "ಇವತ್ತಿಂದು ಏನಮ್ಮಾ?"

"ಏನಿಲ್ಲಮ್ಮ," ಎಂದಿತು ಅವಳ ಧ್ವನಿ.

ಎರಡು ವರ್ಷ ತಾನು ದಿನಾ ಹೇಳಿದ್ದು ಹೀಗೇ ಕೇಳಿಸುತ್ತಿತ್ತೇ! ಒಳಗಿರುವುದಕ್ಕೆ ಪ್ರಾರ್ಥನೆ ಬರುತ್ತದೆ, ಕಾಲೆಳೆತ ಬರುತ್ತದೆ. ಅದಕ್ಕೆ ಬಾರದ್ದು ಒಂದೇ, ಅಪ್ಪ ಕಲಿಸಿದ ತಪ್ಪೊಪ್ಪಿಗೆ. ಕಾಲರಕ್ಕ ಅಲ್ಲೇ ನಿಂತು ಬಾಯಿ ತೆರೆದಳು.

"ಅಮ್ಮಾ! ಸೋಮವಾರ ಕೇಳಿದರು. ಚರ್ಚಿಗೆ ನಿನ್ನನ್ನ ಬಿಡೋಕೆ ಮಾತ್ರ ಹೋಗ್ತೀನಿ ಅಂದೆ."

ಕೆಳಗಿನ ಮನೆಯ ಬಾಗಿಲು ತೆರೆಯಿತು. ಕೂಸಿನ ತಾಯಿ ಇಣುಕಿದಳು. ಮಾನ ಹೋಗಲಿ, ಇನ್ನೇನು ಉಳಿದಿದೆ ಎಂದು ಕಾಲರಕ್ಕ ಇನ್ನೂ ಗಟ್ಟಿಯಾಗಿ ಕೂಗಿದಳು.

"ಮಂಗಳವಾರ ಅಪ್ಪನ ಶಿಲುಬೆ ಬಿಚ್ಚಿಟ್ಟೆ. ಯಾರೋ ಕೊಟ್ಟಿದ್ದು ಅಂದೆ."

ಒಳಗಿನಿಂದ ಏನಿಲ್ಲಮ್ಮ, ಏನಿಲ್ಲಮ್ಮ ಎಂದು ಅದೇ ಧ್ವನಿ ಆತುರಾತುರವಾಗಿ ಹೇಳುತ್ತಿತ್ತು.

"ಇವತ್ತು ಗುಂಡಿ ಅಜ್ಜಿ ಯಾರೋ ಗೊತ್ತಿಲ್ಲ ಅಂದೆ. ಅವಳ ಮುಂದೇನೇ ಅಂದೆ, ಅಮ್ಮ. ಯೇಸಪ್ಪನನ್ನೇ ಗೊತ್ತಿಲ್ಲ ಅಂದಹಾಗಾಯ್ತು."

ಕಾಲಡಿಯ ಹಲಗೆ ಕಿರ್ರೆಂದಿತು. ಕೆಳಗೆ ಕೂಸು ಚಿಟ್ಟನೆ ಚೀರಿ ಅಳತೊಡಗಿತು. ಅಷ್ಟು ಹಿತವಾದ ಅಳುವನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಮೇಲೆ ಅಗುಳಿ ಸರಿಯಿತು. ಅಮ್ಮ ಎರಡೂ ಕೈ ಚಾಚಿ ನಿಂತಿದ್ದಳು. ಒಳಗೆ ಯಾರೂ ಇರಲಿಲ್ಲ. ಒಂದು ತಟ್ಟೆಯಲ್ಲಿ ಅರ್ಧ ಊಟ ಮುಗಿದಿತ್ತು, ಕುರ್ಚಿ ಇನ್ನೂ ಬೆಚ್ಚಗಿತ್ತು.

ಗುರುವಾರ ಬೆಳಿಗ್ಗೆ ಅವಳು ಶಿಲುಬೆ ಕೊರಳಿಗೆ ಹಾಕಿಕೊಂಡು ಮಾಲೀಕನ ಕೋಣೆಗೆ ಹೋಗಿ, ನಿನ್ನೆ ಹೇಳಿದ್ದು ಸುಳ್ಳು ಎಂದಳು. ಮಾಲೀಕ ತಲೆ ಎತ್ತದೆ ಬಾಗಿಲು ತೋರಿಸಿದ. ಹದಿನೆಂಟು ವರ್ಷದ ಕೆಲಸ ಅಷ್ಟೇ ಹೊತ್ತಿನಲ್ಲಿ ಮುಗಿಯಿತು. ಅಲ್ಲಿಂದ ನೇರ ಚರ್ಚಿನ ಹಿಂದಿನ ಒಂಟಿಕೋಣೆಗೆ, ಗುಂಡಿ ಅಜ್ಜಿಯ ಹತ್ತಿರ ಹೋದಳು. ಕಾಲು ಹಿಡಿಯಲು ಬಗ್ಗಿದವಳನ್ನು ಅಜ್ಜಿ ಕಿವಿ ಹಿಡಿದು ಎಬ್ಬಿಸಿದಳು.

"ಊರಿಗೆಲ್ಲ ಕಾಲರ್ ನೆಟ್ಟಗೆ ಕೂರಿಸ್ತೀಯ. ನಿನ್ನ ಕತ್ತೇ ನೆಟ್ಟಗಿಲ್ವಲ್ಲೇ."

ಇಬ್ಬರೂ ಅತ್ತರು, ಆಮೇಲೆ ನಕ್ಕರು. ಸಂಜೆ ಊಟಕ್ಕೆ ಬಾ ಎಂದು ಕಾಲರಕ್ಕ ಹಟ ಹಿಡಿದು ಕರೆತಂದಳು. ಮೆಟ್ಟಿಲ ಕೆಳಗೆ ಕೂಸಿನ ತಾಯಿ ಸಿಕ್ಕಿ, ಇವತ್ತೇನು ಬೇಗ ಎಂದಳು. ರಜ ಎಂದಳು ಕಾಲರಕ್ಕ. ಎಂಟರಿಂದ ಹತ್ತಕ್ಕೆ ಕಾಲು ಹಾಕಿದಳು. ಹಿಂದೆ ಒಂಬತ್ತನೆಯದು ಕಿರ್ರೆಂದಿತು. ಮೇಲೆ ಅಮ್ಮ ಅಗುಳಿ ಬಿಗಿದ ಸದ್ದು ಕೇಳಿಸಿತು.

"ಹೆದರಬೇಡಮ್ಮ. ಇವತ್ತು ನಾನೇ ಕರ್ಕೊಂಡು ಬಂದಿದ್ದೀನಿ. ಗುಂಡಿ ಅಜ್ಜಿ."

ಮೂರನೆಯ ತಟ್ಟೆ ಮೇಜಿಗೆ ಬಂತು. ಪ್ರಾರ್ಥನೆ ಮುಗಿಯಿತು. ಹಸಿದಿದ್ದ ಕಾಲರಕ್ಕ ತುತ್ತೆತ್ತಿದಳು. ಅಮ್ಮನ ಕೈ ಅವಳ ಮಣಿಕಟ್ಟನ್ನು ಹಿಡಿಯಿತು.

"ಯಾರೋ ಹತ್ತಿ ಬರ್ತಿದ್ದಾರೆ," ಎಂದಳು ಅಮ್ಮ ಮೆಲ್ಲಗೆ.

ಮೂವರೂ ಕೇಳಿಸಿಕೊಂಡರು. ಬಲಗಾಲು ಸ್ವಲ್ಪ ಎಳೆಯುತ್ತಿತ್ತು. ಆರು, ಏಳು, ಎಂಟು.

"ಕೆಳಗಿನವಳಿಗೆ ಇವತ್ತು ರಜ ಅಂದೆ," ಎಂದಳು ಕಾಲರಕ್ಕ. "ರಜ ಅಲ್ಲ. ಯಾಕೆ ಕೆಲಸ ಹೋಯ್ತು ಅಂತ ಹೇಳೋಕೆ ನಾಚಿಕೆಯಾಯ್ತು. ಈಗಲೇ ಹೋಗಿ ಹೇಳ್ತೀನಿ."

ಸದ್ದು ನಿಂತಿತು. ಬಹಳ ಹೊತ್ತು ಅದು ಹತ್ತಲೂ ಇಲ್ಲ, ಇಳಿಯಲೂ ಇಲ್ಲ. ಆಮೇಲೆ ಒಂದೊಂದೇ ಮೆಟ್ಟಿಲು ಇಳಿದು, ಕಟ್ಟಕಡೆಯದರ ಮೇಲೆ ಕೂತುಕೊಂಡ ಹಾಗಾಯಿತು.

"ಹೋಗಲ್ಲ ಅದು," ಎಂದಳು ಅಜ್ಜಿ. "ನಮ್ಮನೆ ಹೊಸಿಲಲ್ಲೂ ಕೂತಿರುತ್ತೆ, ಎಪ್ಪತ್ತು ವರ್ಷದಿಂದ."

ಕಾಲರಕ್ಕ ತುತ್ತನ್ನು ತಟ್ಟೆಗಿಟ್ಟು, ಕೂಸಿನ ತಾಯಿಗೆ ನಿಜ ಹೇಳಿಬರಲು ಎದ್ದಳು. ಅಮ್ಮ ಅಗುಳಿ ತೆಗೆದು, ಅವಳು ವಾಪಸು ಬರುವವರೆಗೂ ಬಾಗಿಲಲ್ಲೇ ಕಿವಿಗೊಟ್ಟು ನಿಂತಳು.