ಪುಟ್ಟಬಸಪ್ಪನ ಇಂಗ್ಲಿಷ್ ಹರಕೆ

ಎಸ್ಸೆಸ್ಸೆಲ್ಸಿ ಪಾಸಾದರೆ ಗುಂಡ್ಲುಪೇಟೆಯ ಕಾಲೇಜು, ಇಲ್ಲದಿದ್ದರೆ ಮನೆಯ ಒಲೆ. ಎರಡು ಸಾವಿರದ ಮೂರರಲ್ಲಿ ತೆರಕಣಾಂಬಿಯ ಪುಟ್ಟಬಸಪ್ಪ ಮಗಳು ನಾಗಲಕ್ಷ್ಮಿಗೆ ಹಾಗೆಂದು ಹೇಳಿಬಿಟ್ಟ. ಹೇಳಿದ ಮೇಲೆ ಅವಳಿಗಿಂತ ಅವನಿಗೇ ಹೆಚ್ಚು ಭಯವಾಯಿತು. ಊರಿನ ಮಕ್ಕಳೆಲ್ಲ ಮುಗ್ಗರಿಸುವುದು ಇಂಗ್ಲಿಷಿನಲ್ಲೇ. ಅವನೂ ಅಲ್ಲೇ ಬಿದ್ದವನು.

ಮನೆಯಲ್ಲಿ ಸ್ಪೆಲ್ಲಿಂಗಿನ ಭಜನೆ ಶುರುವಾಯಿತು. ಮಗಳು ಜಗಲಿಯಲ್ಲಿ ಕೂತು ಒಂದೊಂದೇ ಅಕ್ಷರ ಬಿಡಿಸಿ ಕೂಗಬೇಕು. ಏನೂ ಅರ್ಥವಾಗದ ಅಪ್ಪ ಎದುರು ಕೂತು ತಲೆದೂಗಬೇಕು. ದನಿ ಜೋರಾಗಿದ್ದರೆ ಸರಿ, ಮೆತ್ತಗಾದರೆ ತಪ್ಪು. ಒಂದು ಸಂಜೆ ಅವಳ ಕೈಯಲ್ಲಿ ಕನ್ನಡ ಪುಸ್ತಕ ಕಂಡು ಕಿತ್ತುಕೊಂಡು ಅಟ್ಟಕ್ಕೆಸೆದ.

“ಕನ್ನಡ ಏನಮ್ಮಿ ಓದದು? ದಿನಾ ಮಾತಾಡ್ತಿಲ್ವಾ?”

“ಅಳೆಗನ್ನಡ ಪದ್ಯ ಅದೆ ಕಣಪ್ಪ.”

“ಅಳೇದಾದ್ರೆ ಇನ್ನೂ ಸಲೀಸು. ನಿಮ್ಮಜ್ಜೀನ ಕೇಳು.”

ಪುಸ್ತಕ ಅಲ್ಲೇ ಉಳಿಯಿತು. ಇಳಿಸಿಕೊಳ್ಳುವ ಧೈರ್ಯ ಅವಳಿಗಿರಲಿಲ್ಲ.

ಇಷ್ಟೂ ಸಾಲದೆಂದು ಬೆಟ್ಟದ ಮಾದಪ್ಪನಿಗೆ ಹರಕೆ ಹೊತ್ತ. ಹಳದಿ ಬಟ್ಟೆಯಲ್ಲಿ ನಾಣ್ಯವಿಟ್ಟು ಮುಡಿಪು ಕಟ್ಟಿ, “ನನ್ ಮಗಳು ಇಂಗ್ಲಿಷ್ ಒಂದ್ರಲ್ಲಿ ಪಾಸಾಗ್ಲಿ ನಮ್ಮಪ್ಪಾ, ಬೆಟ್ಟಕ್ಕೆ ನಡ್ಕಬತ್ತೀನಿ” ಎಂದ.

ಅವನ ತಾಯಿ ಚಿಕ್ಕಮಲ್ಲಮ್ಮ ಒಳಗಿನಿಂದಲೇ, “ಒಂದೇ ಯಾಕ್ಲಾ ಕೇಳೀಯೆ, ಎಲ್ಲಾನೂ ಕೇಳು” ಎಂದಳು.

“ದೇವ್ರತ್ರ ಅತಿಯಾಸೆ ಬ್ಯಾಡ ಬುಡವ್ವ.”

ಫಲಿತಾಂಶ ಬಂತು. ಇಂಗ್ಲಿಷಿನಲ್ಲಿ ನಾಗಲಕ್ಷ್ಮಿ ಶಾಲೆಗೇ ಮೊದಲು. ಕನ್ನಡದಲ್ಲಿ ಫೇಲು.

ಪುಟ್ಟಬಸಪ್ಪ ಜಗಲಿಯಲ್ಲೇ ಕುಸಿದ. “ಮಾದಪ್ಪ ಕೈಬುಟ್ಬುಟ್ಟ ಕಣವ್ವ.”

“ಅವ್ನ್ಯಾಕ್ ಬುಟ್ಟಾನು? ನೀ ಕೇಳಿದ್ದ ಕೊಟ್ಟವ್ನೆ. ಎದ್ದು ನಡಿ ಬೆಟ್ಟಕ್ಕೆ.”

ದೇವರು ನಡೆಸಿಕೊಟ್ಟಿದ್ದ, ಇನ್ನು ಇವನು ನಡೆಯಬೇಕು. ಜೂನಿನಲ್ಲಿ ಮರುಪರೀಕ್ಷೆ ಎಂದರು. ಕನ್ನಡಕ್ಕೆ ಟ್ಯೂಷನ್ ಹುಡುಕಿಕೊಂಡು ಗುಂಡ್ಲುಪೇಟೆಗೆ ಹೋದರೆ ಕೇಳಿದವರೆಲ್ಲ ನಕ್ಕು ಕಳಿಸಿದರು.

ಬೆಟ್ಟಕ್ಕೆ ಹೊರಡುವ ಹಿಂದಿನ ದಿನ ಅವನು ಇನ್ನೊಂದು ಹಳದಿ ಬಟ್ಟೆ ತಂದು ದೇವರ ಮುಂದೆ ಹಾಸಿದ. ನಾಗಲಕ್ಷ್ಮಿ ಓಡಿಬಂದು ಕೈ ಹಿಡಿದುಕೊಂಡಳು. ಅತ್ತು ಅತ್ತು ಅವಳ ಮುಖ ಊದಿಕೊಂಡಿತ್ತು.

“ನಿನ್ನ ದಮ್ಮಯ್ಯ ಅಂತೀನಿ, ಇನ್ನೊಂದು ಅರಕೆ ಕಟ್ಕಬ್ಯಾಡ ಕಣಪ್ಪ. ಅಟ್ಟದ ಮೇಲಿಂದ ನನ್ ಪುಸ್ತಕ ಇಳಿಸ್ಕೊಡು, ಸಾಕು.”

ಪುಟ್ಟಬಸಪ್ಪ ಏಣಿ ತಂದ. ಪುಸ್ತಕದ ತುಂಬ ಧೂಳು. ಒರೆಸಲು ಬೇರೇನೂ ಕಾಣದೆ, ಆ ಹಳದಿ ಬಟ್ಟೆಯಲ್ಲೇ ಒರೆಸಿ ಮಗಳ ಕೈಗೆ ಕೊಟ್ಟ.