ಕಾಕಾ ಅನ್ನಬೇಕಿತ್ತು

ಗೋಡೆಯ ಮೇಲಿನ ಆ ಕತ್ತಿಗೆ ಬೆಳ್ಳಿ ಬಣ್ಣ ಬಳಿದಿದ್ದಾರೆ, ಅಂಗಡಿಯಲ್ಲಿ ಸಿಗುವ ಡಬ್ಬಿ ಬಣ್ಣ, ಒಳಗೆಲ್ಲ ತುಕ್ಕು, ಉದ್ಯಮಬಾಗದ ಫೌಂಡ್ರಿಯಲ್ಲಿ ಹನ್ನೆರಡು ವರ್ಷ ಕಬ್ಬಿಣ ಎರಕ ಹೊಯ್ದ ನನ್ನ ಕಣ್ಣಿಗೆ ಕಾಣದೇ ಇರುತ್ತದೆಯೇ — ಇದಂತೆ ಖಾನಾಪುರದ ದೇಸಾಯರ ವಾಡೆ, ಥೂ, ಸೋಫಾದ ಸ್ಪ್ರಿಂಗು ಕುಂಡೆಗೆ ಚುಚ್ಚುತ್ತಿದೆ, ಆದರೂ ಗತ್ತು ನೋಡು, ಚಹಾ ತಂದಿಟ್ಟ ಕೆಲಸದ ಮಾಯಕ್ಕ ಕೂಡ ಮೊದಲು ನನ್ನ ಚಪ್ಪಲಿ ನೋಡಿದಳು, ಆಮೇಲೆ ಮುಖ. ನೀಲಾ ಪಕ್ಕದಲ್ಲೇ ಕೂತಿದ್ದಾಳೆ, ಈ ದೇಸಾಯರ ಒಬ್ಬಳೇ ಮಗಳು, ನಮ್ಮ ಫೌಂಡ್ರಿಯ ಲ್ಯಾಬಿನಲ್ಲಿ ನಾನು ಎರೆದದ್ದನ್ನು ಒಡೆದು ಪರೀಕ್ಷಿಸುವವಳು, ಎರಡು ವರ್ಷದಿಂದ ಟಿಳಕವಾಡಿ ತುಂಬ ನನ್ನ ಬೈಕಿನ ಹಿಂದೆ ಕೂತು ಹೆಗಲಿಗೆ ಗದ್ದ ಊರುವವಳು, ಇವತ್ತು ದಾರಿಯುದ್ದಕ್ಕೂ ಒಂದೇ ಪಾಠ, ಗೌರೀಶ, ಅಪ್ಪಾಗ ಕಾಕಾ ಅನ್ನು ಸಾಕು, ಸರೀಕರಂಗ ಮಾತಾಡು, ಮುಂದ ಮದುವಿ ಮಾತು ನಾ ತೆಗೀತೀನಿ, ಹೆದರಬ್ಯಾಡ. ಹೆದರುವುದೇ? ಕುದಿಯುವ ಕಬ್ಬಿಣದ ಮುಂದೆ ನಿಲ್ಲುವವನು ಈ ಡಬ್ಬಿ ಬಣ್ಣದವರಿಗೆ ಹೆದರುವುದೇ? ಇದೇ ಅಂಗಳದಲ್ಲಿ ಭತ್ತದ ಚೀಲ ಹೊತ್ತು ನಮ್ಮಪ್ಪ ಶಿವಲಿಂಗಪ್ಪ ಧಣ್ಯಾರ ಧಣ್ಯಾರ ಎನ್ನುತ್ತ ಸವೆದು ಹೋದ, ಅದಕ್ಕೇ ನಾನು ಕಾಕಾ ಅನ್ನುತ್ತೇನೆ, ಕಾಲ ಮೇಲೆ ಕಾಲು ಹಾಕಿಕೊಂಡೇ, ಕಾಕಾ, ಆರಾಮ ಅದೀರೇನ್ರಿ, ಅಷ್ಟೇ, ಏನು ಮಹಾ.

ಕೆಮ್ಮು — ಪರದೆ ಸರಿಯಿತು, ಬನಿಯನ್ನು ತೊಟ್ಟ ಒಬ್ಬ ಮುದುಕ, ಬರೀ ಮುದುಕ, ಬನಿಯನ್ನಿಗೆ ತೂತು ಬೇರೆ — ನಾನು ಯಾವಾಗ ಎದ್ದೆ, ಕಾಲು ತಾವೇ ಎದ್ದವು, ಕೈ ಎದೆಗೆ ಬಂದವು, ನಾಲಿಗೆ ತಾನೇ ಹೊರಳಿತು, ಧಣ್ಯಾರ, ಶರಣ್ರಿ. ಅಯ್ಯೋ ಹಲ್ಕಟ್ ನಾಲಿಗೆಯೇ. ದೇಸಾಯರ ಮುಖ ಅರಳಿತು, ಬಾರೋ ಬಾ, ಯಾರ ಮಗಾ ನೀ? ಶಿವಲಿಂಗ್ಯಾನ ಮಗಾರಿ. ಶಿವಲಿಂಗ್ಯಾ! ಹೆತ್ತಪ್ಪನ ಹೆಸರನ್ನೂ ನಾನೇ ಮುರಿದು ಅವರ ಕೈಗಿಟ್ಟೆ. ಹಾಂ, ನಮ್ಮ ಶಿವಲಿಂಗ್ಯಾನ ಮಗಾ ಏನು, ಛಲೋ ಆತು ಬಂದಿ, ಮ್ಯಾಲ ಹೆಂಚು ಒಡದಾವ, ಹತ್ತಿ ನೋಡು ಒಂದೀಟು. ನೀಲಾ, ಈಗ ಹೇಳು, ಮಾತು ನಾ ತೆಗೀತೀನಿ ಅಂದಿದ್ದೆಯಲ್ಲ, ತೆಗಿ — ಅವಳು ನನ್ನನ್ನು ನೋಡಿದಳು, ಒಡೆದ ತುಂಡನ್ನು ಲ್ಯಾಬಿನಲ್ಲಿ ನೋಡುವ ಹಾಗೆ, ಎದ್ದು ಅಪ್ಪನ ಬಾಜೂಕ್ಕೆ ಹೋದಳು, ನಮ್ಮ ಫೌಂಡ್ರಿಯಾಂವ ಅಪ್ಪಾ, ನನ್ನ ಬಿಡಾಕ ಬಂದಾನ. ಬಂದಾನ. ಉಗಿಯಬೇಕು, ಯಾರಿಗೆ ಉಗಿಯಲಿ, ಮುದುಕ ಏಣಿ ತೋರಿಸುತ್ತಿದ್ದಾನೆ, ಮೊದಲು ಕೈ ಇಳಿಸಬೇಕು, ಎದೆಯ ಮುಂದೆ ಇನ್ನೂ ಜೋಡಿಸಿಕೊಂಡೇ ಇವೆ, ಇಳಿಸಬೇಕು, ಇಳಿಯುತ್ತಿಲ್ಲ, ಎರಡೂ ಕೈ, ಮುಗಿದ ಎರಡೂ ಕೈ