ಸಿಮೆಂಟಿನ ಮಾಣಿಕಮ್ಮ

"ಮುಂಡೀ, ಅಳ್ಳಾಡಬ್ಯಾಡಂದ್ರ ತಿಳಿಯಂಗಿಲ್ಲೇನು? ಮಾರಿ ಮ್ಯಾಲೆತ್ತು. ಒಂದೀಟು ನಗು."

ಹೀಗೆ ಬೈದವನು ರೇವಣಪ್ಪ, ಶಹಾಬಾದಿನ ಕಲ್ಲಿನ ವ್ಯಾಪಾರಿ, ರಸ್ತೆ ಶೋಭಾ ಸಮಿತಿಯ ಅಧ್ಯಕ್ಷ. ಬೈಸಿಕೊಂಡವಳು ಮಾಣಿಕಮ್ಮ. ಅವಳು ಕುಳಿತಿದ್ದು ತನ್ನ ಜಾಗದಲ್ಲೇ, ನನ್ನ ಮಗ್ಗುಲಲ್ಲಿ. ನಾವಿಬ್ಬರೂ ಕಾಗಿಣಾ ಹೊಳೆಯ ಮೀನು ಮಾರುವವರು. ಅವತ್ತು ಮಾತ್ರ ಅವಳ ಬುಟ್ಟಿ ಖಾಲಿ. ಪರ ಊರಿನ ಶಿಲ್ಪಿಯೊಬ್ಬ ಅವಳ ಮುಖ ನೋಡಿ ನೋಡಿ ಮಣ್ಣು ಮೆತ್ತುತ್ತಿದ್ದ. ಮೀನಿನ ನಾತ ಬಡಿದರೆ ಅವನಿಗೆ ಕಲೆ ಬರುವುದಿಲ್ಲವಂತೆ.

ಸ್ಟೇಷನ್ನಿನಿಂದ ಹೊಳೆದಂಡೆಯ ನಮ್ಮ ಓಣಿಯ ತನಕ ಜೋಡುರಸ್ತೆ ಆಗುತ್ತಿತ್ತು. ನಡುವೆ ಡಿವೈಡರ್, ಅದರಲ್ಲಿ ಹೂವಿನ ಗಿಡ, ಎರಡೂ ಕಡೆ ಮಿರಿಮಿರಿ ಟೈಲ್ಸ್. ನಾಡಿಗೆಲ್ಲ ಫರಸಿಕಲ್ಲು ಕಳಿಸುವ ಊರು ತನ್ನ ರಸ್ತೆಗೆ ಟೈಲ್ಸನ್ನು ಗುಜರಾತಿನಿಂದ ತರಿಸಿತ್ತು. ಈ ರಸ್ತೆ ಸಾಹುಕಾರರ ಕಾಲೊನಿ, ಖಣಿ ಕೂಲಿಗಳ ಗುಡಿಸಲು, ನಮ್ಮ ಓಣಿ ಎಲ್ಲವನ್ನೂ ಒಂದು ಮಾಡುತ್ತದೆ ಎಂದು ಬೋರ್ಡು ಹಾಕಿದ್ದರು. ಒಂದು ಮಾಡಿದ್ದು ಸುಳ್ಳಲ್ಲ. ಕಾಲೊನಿಯವರ ಕಾರುಗಳು ಹೊಳೆಯ ತನಕ ಬರತೊಡಗಿದವು. ನಾವು ಬುಟ್ಟಿ ಹೊತ್ತು ಡಿವೈಡರ್ ಸುತ್ತಿ ಸುತ್ತಿ ಹೋಗತೊಡಗಿದೆವು.

ರಸ್ತೆಯ ಅಂಚಿಗೆ ನಮ್ಮ ಪರಂಪರೆ ಎಂದು ಸಿಮೆಂಟಿನ ಮೂರ್ತಿ ಕೂರಿಸುವುದು ಸಮಿತಿಯ ಹಂಚಿಕೆ. ಕಲ್ಲು ಒಡೆಯುವವನೊಬ್ಬ, ಕುರಿ ಕಾಯುವವನೊಬ್ಬ, ಮೀನಿನಾಕೆಯೊಬ್ಬಳು. ಮೀನಿನಾಕೆ ಕೂರುವುದು ಮಾಣಿಕಮ್ಮನ ಜಾಗದಲ್ಲೇ ಎಂದು ತಿಳಿದಾಗ ಅವಳು ಹಿಗ್ಗಿ ಹೀರೇಕಾಯಿ ಆದಳು.

ನಮ್ಮಲ್ಲೊಂದು ರೂಢಿಯಿದೆ. ಜ್ವರ ಬಂದೋ, ಮನೆಯಲ್ಲಿ ಸಾವಾಗಿಯೋ ಬರಲಾಗದವಳು ತನ್ನ ಬುಟ್ಟಿಯನ್ನಷ್ಟೇ ಕಳಿಸುತ್ತಾಳೆ. ಬುಟ್ಟಿ ಇಟ್ಟ ಜಾಗದಲ್ಲಿ ಬೇರೆ ಯಾರೂ ಕೂರುವುದಿಲ್ಲ. ಜಗಳಗಂಟಿಯರೂ ಇದನ್ನು ಮೀರಿದ್ದಿಲ್ಲ.

"ನಂದು ಸಿಮೆಂಟಿನ ಬುಟ್ಟಿ, ಚಂದ್ರಕಲಾ," ಎಂದಳು ಮಾಣಿಕಮ್ಮ ನನಗೆ. "ಇನ್ನ ಯಾವ ಭಾಡ್ಯಾಗೂ ನನ್ನ ಜಾಗಾ ಕಸೀಲಿಕ್ಕ ಆಗಂಗಿಲ್ಲ. ನಾ ಸತ್ತ ಮ್ಯಾಲ ಸೊಸಿ ಕುಂದ್ರತಾಳ."

ನಾನೂ ನಂಬಿದೆ. ರೂಢಿ ನಮ್ಮದು, ಸಮಿತಿಯವರದಲ್ಲ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಉದ್ಘಾಟನೆಯ ದಿನ ಪರದೆ ಸರಿಸಿದರು. ಚಕ್ಕಳಮಕ್ಕಳ ಹಾಕಿ ಕುಳಿತ ಮಾಣಿಕಮ್ಮ, ಅರ್ಧ ವಯಸ್ಸು ಕಡಿಮೆ. ಮೂಗಿಗೆ ನಮ್ಮ ಕಡೆ ಯಾರೂ ಇಟ್ಟುಕೊಳ್ಳದಷ್ಟು ದೊಡ್ಡ ನತ್ತು, ಬುಟ್ಟಿಯಲ್ಲಿ ಸಮುದ್ರದ ಮೀನು.

"ಕಾಗಿಣಾಕ್ಕ ಸಮುದ್ರ ಯಾವಾಗ ಬಂತವ್ವ?" ಎಂದೆ.

"ಸುಮ್ ಕುಂದ್ರು. ಮಾರಿ ನಂದೇ ಅದ," ಎಂದಳು.

ನಿವೃತ್ತ ಹೆಡ್‌ಮಾಸ್ತರ್ ಪ್ರಾಣೇಶರಾಯರು ಭಾಷಣ ಮಾಡಿದರು. ಭಗವಂತ ಮೊಟ್ಟಮೊದಲು ಎತ್ತಿದ್ದು ಮತ್ಸ್ಯಾವತಾರ, ಆದ್ದರಿಂದ ಮೀನುಗಾರರು ದೇವರಿಗೆ ಭಾಳ ಹತ್ತಿರದವರು ಎಂದರು. ಮೂಗಿಗೆ ಹಿಡಿದ ಕರವಸ್ತ್ರದಿಂದಾಗಿ ಅರ್ಧ ಮಾತು ಕೇಳಿಸಲಿಲ್ಲ. ಸನ್ಮಾನದ ಶಾಲನ್ನು ಮಾಣಿಕಮ್ಮನಿಗೆ ದೂರದಿಂದಲೇ ಎಸೆದರು. ಫೋಟೋ ತೆಗೆದದ್ದಾಯಿತು. ಅವಳು ಮೂರ್ತಿಯ ಪಕ್ಕಕ್ಕೆ ಹೋಗಿ ತನ್ನ ಮೀನಿನ ಬುಟ್ಟಿ ಇಳಿಸಿದಳು.

"ಏ, ಏನ್ ಮಾಡ್ಲಿಕತ್ತಿ?" ರೇವಣಪ್ಪ ಓಡಿಬಂದ. "ಟೈಲ್ಸ್ ಮ್ಯಾಲ ಮೀನ ಇಡ್ತಾರೇನು? ಬೈಪಾಸಿಗಿ ಹೋಗಿ ಮಾರಕೋ ಹೋಗು."

"ಬೈಪಾಸಿನ್ಯಾಗ ಲಾರಿ ನಿಂದ್ರಂಗಿಲ್ರಿ ಸಾವಕಾರ. ಮೀನ ಯಾರ್ ತಗೋತಾರ? ಸೊಸಿ, ಮೊಮ್ಮಕ್ಕಳು ಇದರ ಮ್ಯಾಲೇ ಉಣ್ಣಾದು. ನೋಡ್ರಿ, ನನ್ನ ಬುಟ್ಟಿ ಇಲ್ಲೇ ಅದ, ನನ್ನ ಮಾರಿ ಇಲ್ಲೇ ಅದ."

"ಅಕಿ ಪರಂಪರಾ ಬೇ. ನೀ ಅತಿಕ್ರಮಣ."

ಹಾಗೆಂದು ಬುಟ್ಟಿಗೆ ಒದ್ದ. ಮೀನೆಲ್ಲ ಟೈಲ್ಸಿನ ಮೇಲೆ ಜಾರಿಕೊಂಡು ಹೋದವು. ಒಂದು ಮೀನು ರಾಯರ ಚಪ್ಪಲಿಯ ತನಕ ಹೋಯಿತು. ಅವರು ದೇವರ ಮೊದಲ ಅವತಾರವನ್ನು ಕಂಡು ಪಂಚೆ ಎತ್ತಿಕೊಂಡು ಹಿಂದೆ ಜಿಗಿದರು. ಕಾಲೊನಿಯವರು ನಕ್ಕರು.

ಮಾಣಿಕಮ್ಮ ಬಾಗಿ ಒಂದೊಂದೇ ಮೀನು ಆರಿಸಿದಳು. ಆರಿಸಿದ್ದನ್ನೆಲ್ಲ ಸಿಮೆಂಟಿನ ಬುಟ್ಟಿಗೆ ಹಾಕಿದಳು. ಗಿರಾಕಿಯನ್ನು ಕರೆಯುವಂತೆ ಮೇಲೆತ್ತಿದ್ದ ಸಿಮೆಂಟಿನ ಕೈಗೆ ತನ್ನ ತಾಡಪಾಲಿನ ಹಗ್ಗ ಬಿಗಿದು ನೆರಳು ಮಾಡಿಕೊಂಡಳು. ಶಾಲು ಹಾಸಿ ಕುಳಿತಳು, ಈಳಿಗೆಯನ್ನು ಪಾದದಡಿ ಒತ್ತಿ ಒಂದು ಮೀನಿನ ತಲೆ ತೆಗೆದಳು. ನಾನು ನನ್ನ ಬುಟ್ಟಿ ಹೊತ್ತು ಬಂದು ಮೂರ್ತಿಯ ಇನ್ನೊಂದು ಮಗ್ಗುಲಿಗೆ ಕುಳಿತೆ.

"ಮೌಲಾಲಿ, ಎಬ್ಬಸಲೇ ಆ ಮುದುಕೀನ!" ರೇವಣಪ್ಪ ಕಿರುಚಿದ.

ಕಾವಲಿನ ಮೌಲಾಲಿ ಲಾಠಿ ಹಿಡಿದು ಎದುರು ಬಂದು ನಿಂತ. "ಏಳು ಆಯಿ," ಎಂದ, ದನಿ ತಗ್ಗಿಸಿ.

ಮಾಣಿಕಮ್ಮ ತಲೆಯೆತ್ತದೆ ಮೀನಿನ ಹುರುಪೆ ಕೆರೆಯುತ್ತ ಪಕ್ಕದ ಸಿಮೆಂಟಿನವಳತ್ತ ರಕ್ತದ ಕೈ ತೋರಿಸಿದಳು.

"ಮದಲ ಅಕಿನ್ನ ಎಬ್ಬಸು."